ಮಲ್ಲಿಗೆ ಮತ್ತು ಉಪ್ಪಿನಕಾಯಿ: ಫಾಕ್ಸ್ ಮಾರಿದ್ದೇನು, ಉಳಿಸಿಕೊಂಡದ್ದೇನು?

1994 ಇರಬೇಕು. ಊರಿನಿಂದ ಬಸ್ಸು ಹತ್ತಿ ಮುಂಬಯಿಗೆ ಬಂದು, ಬ್ಯಾಂಕಿಗೆ ಸೇರಿ ಎರಡು ವರ್ಷ ಆಗಿತ್ತಷ್ಟೆ. ಡೊಂಬಿವಲಿಯ ಶಾಖೆಯಲ್ಲಿ ಸಾಲದ ಅರ್ಜಿಗಳ ಮೇಜಿನ ಪಕ್ಕ ನನ್ನನ್ನು ಕೂರಿಸಿದ್ದರು, ಹುಡುಗ ಕೆಲಸ ಕಲಿಯಲಿ ಅಂತ. ಒಂದು ಮಧ್ಯಾಹ್ನ ನಮ್ಮದೇ ಗಲ್ಲಿಯ ಕೇಬಲ್‌ವಾಲಾ ಸಾಲ ಕೇಳಿಕೊಂಡು ಬಂದ. ಕಟ್ಟಡದ ತಾರಸಿ ಮೇಲೆ ಇನ್ನೊಂದು ಡಿಶ್ ಹಾಕಬೇಕು, ವೈರ್ ಎಳೆಯಬೇಕು, ದುಡ್ಡು ಸಾಲದು.

ನಮ್ಮ ಮ್ಯಾನೇಜರು ಹಳೇ ಕಾಲದವರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು. "ಸೆಕ್ಯೂರಿಟಿ ಏನು ಕೊಡ್ತೀ?"

"ಸಾಹೇಬ್, ಮುನ್ನೂರು ಮನೆ ಕನೆಕ್ಷನ್ ಇದೆ. ತಿಂಗಳಿಗೆ ನೂರು ರೂಪಾಯಿ ಬರುತ್ತೆ."

"ಆ ಮನೆಗಳು ನಿನ್ನವಾ?"

"ಅಲ್ಲ ಸಾಹೇಬ್."

"ಅದರಲ್ಲಿ ಬರುವ ಸಿನಿಮಾ, ಕ್ರಿಕೆಟ್ ನಿನ್ನದಾ?"

"ಅಲ್ಲ ಸಾಹೇಬ್."

"ಮತ್ತೆ ನಿನ್ನದು ಅಂತ ಇರೋದು ಏನಪ್ಪಾ?"

ಅವನು ತಲೆ ಕೆರೆದುಕೊಂಡು ನಕ್ಕು ಹೇಳಿದ. "ಅವರ ಅಭ್ಯಾಸ, ಸಾಹೇಬ್."

ಅಭ್ಯಾಸವನ್ನು ಅಡಮಾನ ಇಟ್ಟುಕೊಳ್ಳಲು ನಮ್ಮ ಬ್ಯಾಂಕಿನಲ್ಲಿ ಫಾರಂ ಇರಲಿಲ್ಲ. ಕೊನೆಗೆ ಕಿರಾಣಿ ಅಂಗಡಿಯವನೊಬ್ಬ ಜಾಮೀನು ನಿಂತ ಮೇಲೆ ಸಾಲ ಮಂಜೂರಾಯಿತು. ಕಂತು ಒಂದೂ ತಪ್ಪದೆ ತೀರಿಸಿದ ಅನ್ನುವುದು ಬೇರೆ ಮಾತು. ಆದರೆ ಮ್ಯಾನೇಜರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಮೂವತ್ತು ವರ್ಷದಿಂದ ಕೂತಿದೆ. ಯಾವ ಟಿವಿ ಕಂಪೆನಿಯ ಸುದ್ದಿ ಓದಿದರೂ ಅದನ್ನೇ ಕೇಳಿಕೊಳ್ಳುತ್ತೇನೆ: ನಿನ್ನದು ಅಂತ ಇರೋದು ಏನಪ್ಪಾ?

ಆ ದಿನಗಳಲ್ಲಿ ನಮ್ಮ ಗಲ್ಲಿಯ ಮನೆಗಳಿಗೆ ವೈರ್ ಮೂಲಕ ಬರುತ್ತಿದ್ದ ಸ್ಟಾರ್ ಟಿವಿಯ ಯಜಮಾನ ರೂಪರ್ಟ್ ಮರ್ಡೋಕ್. ಹಾಂಗ್‌ಕಾಂಗಿನ ಲೀ ಕಾ-ಶಿಂಗ್ ಕುಟುಂಬ 1991ರಲ್ಲಿ ಶುರು ಮಾಡಿದ್ದ ಸ್ಟಾರ್‌ನ ಶೇಕಡಾ 63.6 ಪಾಲನ್ನು ಅವರು 1993ರಲ್ಲಿ 52.5 ಕೋಟಿ ಡಾಲರ್ ಕೊಟ್ಟು ಕೊಂಡಿದ್ದರು. ಉಳಿದದ್ದನ್ನು 1995ರಲ್ಲಿ ಕೊಂಡರು. ಇವತ್ತು ಸ್ಟಾರ್ ಅವರ ಕೈಯಲ್ಲಿಲ್ಲ. ಸಿನಿಮಾ ಸ್ಟುಡಿಯೋ ಇಲ್ಲ. ಬ್ರಿಟನ್ನಿನ ಸ್ಕೈ ಇಲ್ಲ. ಟಿವಿಯ ಲೆಕ್ಕದಲ್ಲಿ ಮರ್ಡೋಕ್ ಮನೆತನದ ಬಳಿ ಉಳಿದಿರುವುದು ಮುಖ್ಯವಾಗಿ ಒಂದೇ ಕಂಪೆನಿ, ಅಮೆರಿಕದ ಫಾಕ್ಸ್ ಕಾರ್ಪೊರೇಷನ್. ಅದರ ಜೀವ ಇರುವುದು ಎರಡೇ ವಸ್ತುಗಳಲ್ಲಿ: ಸುದ್ದಿ ಮತ್ತು ಕ್ರೀಡೆ.

ಈ ಕಂಪೆನಿ ಮುಂದೆ ಉಳಿಯುತ್ತದಾ? ಷೇರು ಪೇಟೆಯವರು ಇದಕ್ಕೆ ಮುಂದಿನ ಮೂರು ತಿಂಗಳ ಲೆಕ್ಕ ಹೇಳುತ್ತಾರೆ. ನಾವು ಬ್ಯಾಂಕಿನವರು ಹಳೇ ಖಾತೆ ತೆಗೆದು ನೋಡುವವರು. ಹಾಗೇ ನೋಡೋಣ.

ಸಾಲದ ದಾರಿ

ರೂಪರ್ಟ್ ಮರ್ಡೋಕ್ ಹುಟ್ಟಿದ್ದು 1931ರಲ್ಲಿ, ಆಸ್ಟ್ರೇಲಿಯಾದಲ್ಲಿ. ಅಪ್ಪ ಕೀತ್ ಮರ್ಡೋಕ್ ದೊಡ್ಡ ಪತ್ರಕರ್ತ. 1952ರಲ್ಲಿ ಅಪ್ಪ ತೀರಿಕೊಂಡಾಗ ಮಗನ ಕೈಗೆ ಗಟ್ಟಿಯಾಗಿ ಸಿಕ್ಕಿದ್ದು ಅಡಿಲೇಡ್ ಊರಿನ ಒಂದು ಸಂಜೆ ಪತ್ರಿಕೆ. ಅಲ್ಲಿಂದ ಶುರು. ಒಂದು ಪತ್ರಿಕೆ ದುಡಿಯುವಂತೆ ಮಾಡುವುದು, ಅದನ್ನು ತೋರಿಸಿ ಸಾಲ ಎತ್ತುವುದು, ಆ ಸಾಲದಲ್ಲಿ ಇನ್ನೊಂದು ಕೊಳ್ಳುವುದು. 1969ರಲ್ಲಿ ಲಂಡನ್ನಿನ ನ್ಯೂಸ್ ಆಫ್ ದಿ ವರ್ಲ್ಡ್ ಮತ್ತು ಸನ್, 1976ರಲ್ಲಿ ನ್ಯೂಯಾರ್ಕ್ ಪೋಸ್ಟ್, 1981ರಲ್ಲಿ ಲಂಡನ್ನಿನ ಟೈಮ್ಸ್.

1985ರಲ್ಲಿ ಹಾಲಿವುಡ್ಡಿಗೆ ಕೈ ಹಾಕಿದರು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ಅರ್ಧ ಪಾಲನ್ನು 25 ಕೋಟಿ ಡಾಲರಿಗೆ, ಅದೇ ವರ್ಷ ಉಳಿದರ್ಧವನ್ನು 32.5 ಕೋಟಿ ಡಾಲರಿಗೆ ಕೊಂಡರು. ಜೊತೆಗೆ ಮೆಟ್ರೊಮೀಡಿಯಾ ಕಂಪೆನಿಯ ಟಿವಿ ಸ್ಟೇಷನ್ನುಗಳಿಗೂ ಒಪ್ಪಂದ ಮಾಡಿಕೊಂಡರು. ಅಮೆರಿಕದ ಕಾನೂನು ಟಿವಿ ಸ್ಟೇಷನ್ನಿನ ಲೈಸೆನ್ಸನ್ನು ವಿದೇಶಿಯರ ಹಿಡಿತಕ್ಕೆ ಬಿಡುವುದಿಲ್ಲ. ಮರ್ಡೋಕ್ ಏನು ಮಾಡಿದರು? 1985ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪ್ರಜೆಯೇ ಆಗಿಬಿಟ್ಟರು! ವ್ಯಾಪಾರಕ್ಕಾಗಿ ಊರು ಬಿಟ್ಟವರನ್ನು ಮುಂಬಯಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ವ್ಯಾಪಾರಕ್ಕಾಗಿ ದೇಶದ ಪಾಸ್‌ಪೋರ್ಟ್ ಬದಲಿಸಿದವರು ಕಡಿಮೆ.

1986ರ ಅಕ್ಟೋಬರಿನಲ್ಲಿ ಫಾಕ್ಸ್ ನೆಟ್‌ವರ್ಕ್ ಶುರುವಾಯಿತು. ಅಮೆರಿಕದಲ್ಲಿ ಆಗ ಎಬಿಸಿ, ಸಿಬಿಎಸ್, ಎನ್‌ಬಿಸಿ ಅಂತ ಮೂರೇ ದೊಡ್ಡ ಜಾಲಗಳು. ನಾಲ್ಕನೆಯದಕ್ಕೆ ಜಾಗವಿಲ್ಲ ಅಂತ ತಿಳಿದವರೆಲ್ಲ ಹೇಳುತ್ತಿದ್ದರು. ಅಷ್ಟರಲ್ಲಿ ಮರ್ಡೋಕ್ 1988ರಲ್ಲಿ ಟಿವಿ ಗೈಡ್ ಪತ್ರಿಕೆಯ ಕಂಪೆನಿಯನ್ನು ಸುಮಾರು 300 ಕೋಟಿ ಡಾಲರಿಗೆ ಕೊಂಡರು. 1989ರಲ್ಲಿ ಬ್ರಿಟನ್ನಿನಲ್ಲಿ ಸ್ಕೈ ಟಿವಿ ಹುಟ್ಟುಹಾಕಿದರು. ಅದು ವಾರ ವಾರ ಹಣ ನುಂಗುತ್ತಿತ್ತು.

1990ರ ಕೊನೆಗೆ ಲೆಕ್ಕ ತಲೆಯ ಮೇಲೆ ಬಂತು. 146 ಬ್ಯಾಂಕು, ಹಣಕಾಸು ಸಂಸ್ಥೆಗಳಲ್ಲಿ ಸುಮಾರು 760 ಕೋಟಿ ಡಾಲರ್ ಸಾಲ. ಅದರಲ್ಲಿ ತುಂಬಾ ಭಾಗ ಅಲ್ಪಾವಧಿಯದು, ವಾಯಿದೆ ಬಂದಾಗ ನವೀಕರಿಸಬೇಕು. ಪಿಟ್ಸ್‌ಬರ್ಗಿನ ಒಂದು ಬ್ಯಾಂಕು ತನ್ನ ಒಂದು ಕೋಟಿ ಡಾಲರನ್ನು ವಾಪಸ್ ಕೊಡಿ ಅಂತ ಪಟ್ಟು ಹಿಡಿಯಿತು. ಒಂದು ಕೋಟಿ, 760 ಕೋಟಿಯ ಮುಂದೆ ಯಾವ ಲೆಕ್ಕ ಅಂತ ನಿಮಗೆ ಅನ್ನಿಸಬಹುದು. ಬ್ಯಾಂಕಿನವರಿಗೆ ಗೊತ್ತು, ಒಬ್ಬನಿಗೆ ಕೊಟ್ಟರೆ ಉಳಿದ 145 ಮಂದಿಯೂ ಬಾಗಿಲಲ್ಲಿ ನಿಲ್ಲುತ್ತಾರೆ. ಸಿಟಿಬ್ಯಾಂಕಿನ ಆನ್ ಲೇನ್ ಎಂಬ ಅಧಿಕಾರಿ ಆ ಬ್ಯಾಂಕುಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ, ಎಲ್ಲರೂ ಕಾಯಬೇಕು, ಯಾರಿಗೂ ಮೊದಲು ಇಲ್ಲ ಅಂತ ಒಪ್ಪಿಸಿದರು. 1991ರ ಆರಂಭದಲ್ಲಿ ಕಂಪೆನಿ ಬದುಕಿತು. ಪತ್ರಿಕೆಗಳಲ್ಲಿ ಮರ್ಡೋಕ್ ಸಾಹಸದ ಕತೆ ಬೇಕಾದಷ್ಟಿದೆ. ನನ್ನ ಮಟ್ಟಿಗೆ ಆ ಕತೆಯ ನಾಯಕಿ ಫೈಲು ಹಿಡಿದು ಕೂತ ಆ ಬ್ಯಾಂಕ್ ಅಧಿಕಾರಿ.

ಎರಡು ದೊಡ್ಡ ಪಣ

ಸಾಯುವ ಹಾಗಿದ್ದ ಮನುಷ್ಯ ಮೂರೇ ವರ್ಷದಲ್ಲಿ ಏನು ಮಾಡಿದ ನೋಡಿ. ಅಮೆರಿಕದ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ ಡಿಕ್ಕಿ ಹೊಡೆಯುವ ಆಟ. ಅಲ್ಲಿನವರಿಗೆ ಅದು ನಮ್ಮ ಕ್ರಿಕೆಟ್ ಇದ್ದ ಹಾಗೆ. ಎನ್‌ಎಫ್‌ಎಲ್ ಎಂಬ ಲೀಗಿನ ಪ್ರಸಾರ 1956ರಿಂದ ಸಿಬಿಎಸ್ ಬಳಿ ಇತ್ತು. 1993ರ ಡಿಸೆಂಬರಿನಲ್ಲಿ ಮರ್ಡೋಕ್ ಅದರ ಅರ್ಧ ಭಾಗ, ಎನ್‌ಎಫ್‌ಸಿ ಪಂದ್ಯಗಳಿಗೆ ನಾಲ್ಕು ವರ್ಷಕ್ಕೆ 158 ಕೋಟಿ ಡಾಲರ್ ಕೂಗಿದರು. ವರ್ಷಕ್ಕೆ 39.5 ಕೋಟಿ. ಸಿಬಿಎಸ್ ಕೊಡಲು ಸಿದ್ಧವಿದ್ದದ್ದು 30 ಕೋಟಿಗಿಂತ ಕಡಿಮೆ. ಫಾಕ್ಸಿಗೆ ಆಗ ಕ್ರೀಡಾ ವಿಭಾಗವೇ ಇರಲಿಲ್ಲ! ಮದುವೆ ಮಂಟಪ ಬುಕ್ ಮಾಡಿ ಆಮೇಲೆ ಹುಡುಗಿ ನೋಡಲು ಹೋದ ಹಾಗೆ.

ಹುಚ್ಚು ಅಂತ ನಕ್ಕರು. ಆದರೆ ಮರ್ಡೋಕ್ ಕೊಂಡದ್ದು ಆಟವನ್ನಲ್ಲ, ಆ ಆಟ ನೋಡುವ ಜನರ ಭಾನುವಾರವನ್ನು. 1994ರಲ್ಲಿ ನ್ಯೂ ವರ್ಲ್ಡ್ ಎಂಬ ಕಂಪೆನಿಯಲ್ಲಿ 50 ಕೋಟಿ ಡಾಲರ್ ಹಾಕಿದರು. ಅದರ ಹನ್ನೆರಡು ಟಿವಿ ಸ್ಟೇಷನ್ನುಗಳು ಹಳೇ ಜಾಲಗಳನ್ನು ಬಿಟ್ಟು ಫಾಕ್ಸ್ ಕಡೆಗೆ ವಾಲಿದವು. ಫುಟ್‌ಬಾಲ್ ಇಲ್ಲದಿದ್ದರೆ ಯಾರೂ ಹಾಗೆ ಬರುತ್ತಿರಲಿಲ್ಲ. ನಾಲ್ಕನೆಯ ಜಾಲಕ್ಕೆ ಜಾಗವಿಲ್ಲ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಎರಡನೆಯ ಪಣ ಸುದ್ದಿ. 1996ರ ಅಕ್ಟೋಬರ್ 7ರಂದು ಫಾಕ್ಸ್ ನ್ಯೂಸ್ ಶುರುವಾಯಿತು. ನಡೆಸಿದ್ದು ರೋಜರ್ ಏಲ್ಸ್, ರಿಪಬ್ಲಿಕನ್ ಅಧ್ಯಕ್ಷರಿಗೆ ಟಿವಿ ಸಲಹೆಗಾರನಾಗಿದ್ದ ಮನುಷ್ಯ. ಸಾಮಾನ್ಯವಾಗಿ ಕೇಬಲ್ ಕಂಪೆನಿ ಚಾನೆಲ್ಲಿಗೆ ದುಡ್ಡು ಕೊಡುತ್ತದೆ. ಮರ್ಡೋಕ್ ಉಲ್ಟಾ ಮಾಡಿದರು. ನನ್ನ ಚಾನೆಲ್ ಹಾಕಿದರೆ ಮನೆಗೆ ಹತ್ತು ಡಾಲರಿನಷ್ಟು ನಾನೇ ನಿಮಗೆ ಕೊಡುತ್ತೇನೆ ಅಂದರು. ಮೊದಲ ದಿನ 1.7 ಕೋಟಿ ಮನೆ ಸಿಕ್ಕಿತು. ನ್ಯೂಯಾರ್ಕ್ ನಗರದಲ್ಲಿ ಟೈಮ್ ವಾರ್ನರ್ ಕೇಬಲ್ ಜಾಗ ಕೊಡಲಿಲ್ಲ, ಜಗಳ ಮೇಯರ್‌ವರೆಗೆ ಹೋಗಿ 1997ರಲ್ಲಿ ಬಗೆಹರಿಯಿತು. 2002ರಲ್ಲಿ ಫಾಕ್ಸ್ ನ್ಯೂಸ್ ನೋಡುವವರ ಲೆಕ್ಕದಲ್ಲಿ ಸಿಎನ್‌ಎನ್‌ ಅನ್ನು ಹಿಂದೆ ಹಾಕಿತು. ಏಲ್ಸ್ ಮೇಲೆ ಮಹಿಳಾ ಸಿಬ್ಬಂದಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪಗಳು ಬಂದು 2016ರಲ್ಲಿ ಕುರ್ಚಿ ಬಿಡಬೇಕಾಯಿತು. ಚಾನೆಲ್ಲಿನ ಗಳಿಕೆ ಅದರಿಂದ ನಿಲ್ಲಲಿಲ್ಲ.

ಈ ಎರಡು ಪಣದ ಲಾಭ ಬರುವ ದಾರಿ ನಮ್ಮ ಕೇಬಲ್‌ವಾಲಾನ ದಾರಿಯೇ. ಅಮೆರಿಕದಲ್ಲಿ ನೂರಾರು ಚಾನೆಲ್ ಕಟ್ಟಿ ಒಂದೇ ಮೂಟೆಯಾಗಿ ಮಾರುತ್ತಾರೆ. ನೀವು ನೋಡಿ, ಬಿಡಿ. ನಿಮ್ಮ ತಿಂಗಳ ಬಿಲ್ಲಿನಿಂದ ಪ್ರತಿ ಚಾನೆಲ್ಲಿಗೂ ಇಷ್ಟು ಅಂತ ಹೋಗುತ್ತದೆ. ಇಷ್ಟು ಎಂದರೆ ಎಷ್ಟು ಅನ್ನುವುದು ಜಗಳದಲ್ಲಿ ತೀರ್ಮಾನ. 2010ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಸುತ್ತಲಿನ ಕೇಬಲ್‌ವಿಷನ್ ಹೆಚ್ಚು ಕೊಡಲು ಒಪ್ಪದಿದ್ದಾಗ ಫಾಕ್ಸ್ ಎರಡು ವಾರ ತನ್ನ ಸ್ಟೇಷನ್ನುಗಳನ್ನು ನಿಲ್ಲಿಸಿಬಿಟ್ಟಿತು. ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಫೈನಲ್ ಆಗಲೇ ಇತ್ತು. ಸುಮಾರು 30 ಲಕ್ಷ ಮನೆಯವರು ಮೊದಲ ಪಂದ್ಯಗಳನ್ನು ನೋಡಲಾಗದೆ ಕೂತರು. ಕೊನೆಗೆ ಕೇಬಲ್ ಕಂಪೆನಿಯೇ ಬಗ್ಗಿತು. ಸೀರಿಯಲ್ ನಿಲ್ಲಿಸಿದ್ದರೆ ಅಷ್ಟು ಬಿಸಿ ತಟ್ಟುತ್ತಿರಲಿಲ್ಲ.

ಮಾರಾಟ

ಅಷ್ಟರಲ್ಲಿ ಮನೆಯೊಳಗೆ ಬೆಂಕಿ. ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಯವರು ಜನರ ಫೋನ್ ಸಂದೇಶಗಳನ್ನು ಕದ್ದು ಕೇಳುತ್ತಿದ್ದರು ಅನ್ನುವುದು ಬಯಲಾಗಿ 2011ರ ಜುಲೈಯಲ್ಲಿ ಪತ್ರಿಕೆಯನ್ನೇ ಮುಚ್ಚಬೇಕಾಯಿತು. 2013ರಲ್ಲಿ ಕಂಪೆನಿ ಇಬ್ಭಾಗ: ಪತ್ರಿಕೆಗಳು ನ್ಯೂಸ್ ಕಾರ್ಪ್‌ಗೆ, ಟಿವಿ-ಸಿನಿಮಾ ಟ್ವೆಂಟಿಫಸ್ಟ್ ಸೆಂಚುರಿ ಫಾಕ್ಸಿಗೆ.

2014ರಲ್ಲಿ ಮರ್ಡೋಕ್ ಟೈಮ್ ವಾರ್ನರ್ ಕಂಪೆನಿಗೆ ಸುಮಾರು 8,000 ಕೋಟಿ ಡಾಲರ್ ಕೊಡುತ್ತೇನೆ ಅಂದರು. ಅವರು ಬೇಡ ಅಂದರು. ಮೂರು ವರ್ಷದ ಮೇಲೆ, ಜೀವಮಾನವಿಡೀ ಕೊಳ್ಳುತ್ತಲೇ ಬಂದ ಮನುಷ್ಯ ಮಾರಲು ಕೂತರು. ನೆಟ್‌ಫ್ಲಿಕ್ಸ್, ಅಮೆಜಾನ್ ಥರದವರು ಸಿನಿಮಾ, ಸೀರಿಯಲ್ಲಿಗೆ ಸುರಿಯುತ್ತಿದ್ದ ಹಣದ ಮುಂದೆ ತನ್ನ ಗಾತ್ರ ಸಾಲದು ಅಂತ ಅವರಿಗೆ ಅರ್ಥವಾಗಿತ್ತು. 2017ರ ಡಿಸೆಂಬರಿನಲ್ಲಿ ಡಿಸ್ನಿ ಜೊತೆ 5,240 ಕೋಟಿ ಡಾಲರಿಗೆ ಮಾತಾಯಿತು. 2018ರ ಜೂನಿನಲ್ಲಿ ಕಾಮ್‌ಕಾಸ್ಟ್ ನಡುವೆ ನುಗ್ಗಿ 6,500 ಕೋಟಿ ಕೂಗಿತು. ಡಿಸ್ನಿ ಹಟಕ್ಕೆ ಬಿದ್ದು 7,130 ಕೋಟಿಗೆ ಏರಿಸಿತು. 2019ರ ಮಾರ್ಚ್ 20ರಂದು ಕೈ ಬದಲಾಯಿತು. ಮಾರುವವನಿಗೆ ಇಬ್ಬರು ಗಿರಾಕಿ ಸಿಕ್ಕರೆ ಏನಾಗುತ್ತದೆ ಅಂತ ನಮ್ಮ ಊರಿನ ಅಡಕೆ ಮಂಡಿಯಲ್ಲಿ ಕೇಳಿದರೂ ಹೇಳುತ್ತಾರೆ.

ಈಗ ನನ್ನ ಮಲ್ಲಿಗೆ ಕತೆಗೆ ಬರುತ್ತೇನೆ. ನಮ್ಮ ಉಡುಪಿ ಕಡೆ ಶಂಕರಪುರ ಮಲ್ಲಿಗೆ ಬೆಳೆಯುತ್ತಾರೆ. ಅದರ ದರ ದಿನ ದಿನ ಬದಲಾಗುತ್ತದೆ. ಮದುವೆ, ಹಬ್ಬದ ದಿನ ಮುಟ್ಟಲಾರದ ಬೆಲೆ. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೆಲೆಯೇ ಇಲ್ಲ. ಉಪ್ಪಿನಕಾಯಿ ಹಾಗಲ್ಲ, ಭರಣಿಯಲ್ಲಿ ವರ್ಷ ಇರುತ್ತದೆ. ನೋಡಿದರೆ ಉಪ್ಪಿನಕಾಯಿ ವ್ಯಾಪಾರವೇ ಭದ್ರ. ಆದರೆ ಉಪ್ಪಿನಕಾಯಿಯನ್ನು ಗಿರಾಕಿ ನಾಳೆ ಕೊಳ್ಳಬಹುದು, ನಾಡಿದ್ದು ಕೊಳ್ಳಬಹುದು, ಬೇರೆ ಅಂಗಡಿಯಲ್ಲೂ ಕೊಳ್ಳಬಹುದು. ಮಲ್ಲಿಗೆ ಬೇಕಾದವನಿಗೆ ಈಗಲೇ ಬೇಕು.

ಮರ್ಡೋಕ್ ಉಪ್ಪಿನಕಾಯಿ ಮಾರಿದರು, ಮಲ್ಲಿಗೆ ಇಟ್ಟುಕೊಂಡರು. ಸಿನಿಮಾ ಸ್ಟುಡಿಯೋ, ಸಿಂಪ್ಸನ್ಸ್ ತಯಾರಿಸುವ ಘಟಕ, ಎಫ್‌ಎಕ್ಸ್, ನ್ಯಾಷನಲ್ ಜಿಯಾಗ್ರಫಿಕ್, ನಮ್ಮ ಸ್ಟಾರ್, ಎಲ್ಲ ಹೋದವು. ಸ್ಕೈಯಲ್ಲಿದ್ದ ಪಾಲು ಕಾಮ್‌ಕಾಸ್ಟಿಗೆ ಹೋಯಿತು. ಉಳಿದದ್ದು ಫಾಕ್ಸ್ ನ್ಯೂಸ್, ಫಾಕ್ಸ್ ಸ್ಪೋರ್ಟ್ಸ್, ಫಾಕ್ಸ್ ಜಾಲ ಮತ್ತು ಸ್ಥಳೀಯ ಸ್ಟೇಷನ್ನುಗಳು. ಅದೇ ದಿನ, ಅದೇ ಗಳಿಗೆಯಲ್ಲಿ ನೋಡಬೇಕಾದ್ದು. ಜಾಹೀರಾತು ಬಂದಾಗ ಓಡಿಸಿಕೊಂಡು ಮುಂದೆ ಹೋಗಲಾಗದ್ದು.

ಮಲ್ಲಿಗೆಯಲ್ಲೂ ಜಾತಿ ಇದೆ ಅನ್ನುವುದನ್ನು ಅವರು ಮರೆಯಲಿಲ್ಲ. ಊರೂರಿನ ತಂಡಗಳ ಪಂದ್ಯ ತೋರಿಸುವ 22 ಪ್ರಾದೇಶಿಕ ಕ್ರೀಡಾ ಚಾನೆಲ್‌ಗಳೂ ಮಾರಾಟದಲ್ಲಿ ಹೋದವು. ಕಾನೂನಿನ ಕಾರಣಕ್ಕೆ ಡಿಸ್ನಿ ಅವನ್ನು ಮತ್ತೆ ಮಾರಬೇಕಾಯಿತು. ಫಾಕ್ಸ್ ವಾಪಸ್ ಕೊಳ್ಳಲಿಲ್ಲ. ಸಿಂಕ್ಲೇರ್ ಕಂಪೆನಿ 21 ಚಾನೆಲ್‌ಗಳನ್ನು 1,060 ಕೋಟಿ ಡಾಲರ್ ಬೆಲೆಗೆ, ಬಹಳಷ್ಟು ಸಾಲ ಮಾಡಿ ಕೊಂಡಿತು. ಅದಕ್ಕಾಗಿ ಮಾಡಿದ ಡೈಮಂಡ್ ಸ್ಪೋರ್ಟ್ಸ್ ಎಂಬ ಕಂಪೆನಿ 2023ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ದೇಶವೆಲ್ಲ ನೋಡುವ ಫುಟ್‌ಬಾಲ್ ಒಂದು, ಒಂದು ಊರಿನವರಷ್ಟೇ ನೋಡುವ ಪಂದ್ಯ ಇನ್ನೊಂದು. ಕ್ರೀಡೆ ಅಂದಕೂಡಲೇ ಬಂಗಾರ ಅಂದುಕೊಂಡವರು ಕೈ ಸುಟ್ಟುಕೊಂಡರು.

ನಮ್ಮ ಮನೆಯಲ್ಲಿ ಕಂಡದ್ದು

ಈ ಮಾರಾಟದ ಒಂದು ತುಂಡು ನಮ್ಮ ಮುಂಬಯಿಯಲ್ಲೇ ನಡೆಯಿತು. ಭಾರತದಲ್ಲಿ ಮರ್ಡೋಕ್ ಮಾಡಿದ್ದು ಅಮೆರಿಕದ ತಿರುಗುಮುರುಗು. ಇಲ್ಲಿ 2003ರಲ್ಲಿ ಸುದ್ದಿ ಚಾನೆಲ್ಲಿನಲ್ಲಿ ವಿದೇಶಿ ಪಾಲು ಶೇಕಡಾ 26 ಮೀರಬಾರದು ಅಂತ ನಿಯಮ ಬಂತು. ಸ್ಟಾರ್ ನ್ಯೂಸಿಗೆ ಆನಂದ ಬಜಾರ್ ಪತ್ರಿಕೆಯವರನ್ನು ಜೊತೆ ಸೇರಿಸಿಕೊಂಡರು. 2012ರಲ್ಲಿ ಸ್ಟಾರ್ ತನ್ನ ಹೆಸರನ್ನು ಹಿಂದಕ್ಕೆ ಪಡೆಯಿತು, ಅದು ಎಬಿಪಿ ನ್ಯೂಸ್ ಆಯಿತು. ಕನ್ನಡದಲ್ಲೂ ಹಾಗೇ: 2008ರಲ್ಲಿ ಏಷ್ಯಾನೆಟ್ ಜೊತೆ ಸ್ಟಾರ್ ಕೈಜೋಡಿಸಿದಾಗ ಧಾರಾವಾಹಿಗಳ ಸುವರ್ಣ ಸ್ಟಾರ್ ಕಡೆಗೆ ಬಂತು, ಸುವರ್ಣ ನ್ಯೂಸ್ ರಾಜೀವ್ ಚಂದ್ರಶೇಖರ್ ಅವರ ಬಳಿಯೇ ಉಳಿಯಿತು. ಸುದ್ದಿ ಬಿಟ್ಟ ಸ್ಟಾರ್ ಕ್ರಿಕೆಟ್ ಹಿಡಿಯಿತು.

2017ರ ಸೆಪ್ಟೆಂಬರಿನಲ್ಲಿ ಸ್ಟಾರ್ ಐದು ವರ್ಷದ ಐಪಿಎಲ್ ಹಕ್ಕನ್ನು 16,347.5 ಕೋಟಿ ರೂಪಾಯಿಗೆ ಗೆದ್ದಿತು. ಮೂರೇ ತಿಂಗಳಲ್ಲಿ ಡಿಸ್ನಿ ಜೊತೆ ಮಾತು ಮುಗಿಯಿತು. ಅಂದರೆ ಡಿಸ್ನಿ ಕೊಂಡ ಸ್ಟಾರ್‌ನ ಕೊರಳಲ್ಲಿ ಐದು ವರ್ಷದ ಮಲ್ಲಿಗೆ ಮಾಲೆ ಇತ್ತು. 2022ರಲ್ಲಿ ಮಾಲೆ ಬಾಡಿತು. ಮತ್ತೆ ಹರಾಜು. ಈ ಸಲ ಡಿಸ್ನಿ ಸ್ಟಾರ್ 23,575 ಕೋಟಿ ಕೊಟ್ಟು ಟಿವಿ ಹಕ್ಕು ಉಳಿಸಿಕೊಂಡಿತು, ಮೊಬೈಲಿನ ಹಕ್ಕು ರಿಲಯನ್ಸ್ ಬಳಗದ ವಯಾಕಾಂ18 ಪಾಲಾಯಿತು. 2022ರ ಅಕ್ಟೋಬರಿನಲ್ಲಿ ಹಾಟ್‌ಸ್ಟಾರಿಗೆ 6.13 ಕೋಟಿ ಚಂದಾದಾರರು. ಒಂದೇ ವರ್ಷದಲ್ಲಿ 3.76 ಕೋಟಿಗೆ ಇಳಿದರು. ಅವರಲ್ಲಿ ನನ್ನ ಮಗನೂ ಒಬ್ಬ. "ಅಪ್ಪಾ, ಮ್ಯಾಚ್ ಇಲ್ದಿದ್ರೆ ಅದ್ಯಾಕೆ?" ಅಂತ ಒಂದು ಮಾತು ಹೇಳಿ ಬಿಟ್ಟುಬಿಟ್ಟ. 2024ರ ನವೆಂಬರಿನಲ್ಲಿ ಡಿಸ್ನಿಯ ಭಾರತದ ವ್ಯಾಪಾರ ರಿಲಯನ್ಸ್ ಜೊತೆ ಸೇರಿ ಜಿಯೋಸ್ಟಾರ್ ಆಯಿತು, ಡಿಸ್ನಿ ಶೇಕಡಾ 36.84ರ ಪಾಲುದಾರನಾಗಿ ಹಿಂದೆ ಸರಿಯಿತು.

ನನ್ನ ಮಗನ ಆ ಒಂದು ಮಾತಿನಲ್ಲಿ ಫಾಕ್ಸ್ ಕಂಪೆನಿಯ ಅರ್ಧ ಜಾತಕ ಇದೆ. ಕ್ರೀಡೆ ಯಾವತ್ತೂ ಪ್ರಸಾರ ಮಾಡುವವನ ಆಸ್ತಿಯಲ್ಲ. ತೋಟ ಲೀಗಿನದು. ಚಾನೆಲ್ಲಿಗೆ ಇರುವುದು ಗೇಣಿ ಮಾತ್ರ. ವಾಯಿದೆ ಮುಗಿದಾಗಲೆಲ್ಲ ಧಣಿ ಗೇಣಿ ಏರಿಸುತ್ತಾನೆ.

2021ರ ಮಾರ್ಚಿನಲ್ಲಿ ಫಾಕ್ಸ್ ಎನ್‌ಎಫ್‌ಎಲ್ ಜೊತೆ 2023ರಿಂದ 2033ರವರೆಗಿನ ಹನ್ನೊಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ಪತ್ರಿಕೆಗಳ ಅಂದಾಜಿನಲ್ಲಿ ವರ್ಷಕ್ಕೆ 200 ಕೋಟಿ ಡಾಲರಿಗೂ ಹೆಚ್ಚು. 1993ರ 39.5 ಕೋಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಅದರಲ್ಲೂ 2029ರ ಋತುವಿನ ನಂತರ ಬೇಕಾದರೆ ಒಪ್ಪಂದ ಮುರಿಯುವ ಹಕ್ಕನ್ನು ಲೀಗ್ ಇಟ್ಟುಕೊಂಡಿದೆ. ಫಾಕ್ಸ್ ಬಳಿಯಿದ್ದ ಗುರುವಾರದ ಪಂದ್ಯಗಳು 2022ರಿಂದ ಅಮೆಜಾನಿಗೆ ಹೋದವು. 2024ರಲ್ಲಿ ಕ್ರಿಸ್‌ಮಸ್ ದಿನದ ಪಂದ್ಯ ನೆಟ್‌ಫ್ಲಿಕ್ಸಿನಲ್ಲಿ ಬಂತು. ಫಾಕ್ಸ್ ಯಾರ ಜೊತೆ ಸ್ಪರ್ಧೆ ಬೇಡ ಅಂತ 2017ರಲ್ಲಿ ಹಿಂದೆ ಸರಿಯಿತೋ, ಅವರೇ ಈಗ ಹೂವಿನ ಮಾರುಕಟ್ಟೆಗೂ ಬುಟ್ಟಿ ಹಿಡಿದು ಬಂದಿದ್ದಾರೆ.

ಸುದ್ದಿಯ ಅಡಮಾನ

ಹಾಗಾದರೆ ಸುದ್ದಿ? ಅದು ಸ್ವಂತದ್ದಲ್ಲವೇ? ಅದಕ್ಕೆ ಯಾವ ಲೀಗಿಗೂ ಗೇಣಿ ಕೊಡಬೇಕಾಗಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ, 2023ರವರೆಗೆ.

2020ರ ನವೆಂಬರ್ 3ರ ಚುನಾವಣಾ ರಾತ್ರಿ ಅರಿಝೋನಾ ರಾಜ್ಯವನ್ನು ಬೈಡನ್ ಗೆದ್ದರು ಅಂತ ಎಲ್ಲರಿಗಿಂತ ಮೊದಲು ಹೇಳಿದ್ದು ಫಾಕ್ಸ್ ನ್ಯೂಸ್. ಲೆಕ್ಕ ಸರಿಯೇ ಇತ್ತು. ಆದರೆ ಟ್ರಂಪ್ ಪಕ್ಷದ ನೋಡುಗರು ಸಿಟ್ಟಾದರು, ಒಂದಷ್ಟು ಜನ ನ್ಯೂಸ್‌ಮ್ಯಾಕ್ಸ್ ಎಂಬ ಪುಟ್ಟ ಚಾನೆಲ್ಲಿಗೆ ಹೋದರು. ಆಮೇಲಿನ ವಾರಗಳಲ್ಲಿ, ಡೊಮಿನಿಯನ್ ಕಂಪೆನಿಯ ಮತಯಂತ್ರಗಳು ಮತ ಕದ್ದವು ಎಂಬ ಸುಳ್ಳು ಫಾಕ್ಸ್ ನ್ಯೂಸಿನಲ್ಲಿ ಮತ್ತೆ ಮತ್ತೆ ಬಂತು. ಡೊಮಿನಿಯನ್ 2021ರಲ್ಲಿ 160 ಕೋಟಿ ಡಾಲರಿನ ಮಾನನಷ್ಟ ಮೊಕದ್ದಮೆ ಹಾಕಿತು. ನ್ಯಾಯಾಲಯದಲ್ಲಿ ಚಾನೆಲ್ಲಿನ ಒಳಗಿನ ಸಂದೇಶಗಳು ಹೊರಬಿದ್ದವು. ಪರದೆಯ ಮೇಲೆ ಆ ಮಾತಿಗೆ ಜಾಗ ಕೊಟ್ಟವರಲ್ಲಿ ಹಲವರು ಖಾಸಗಿಯಾಗಿ ಅದನ್ನು ನಂಬಿರಲೇ ಇಲ್ಲ! ನೋಡುಗರು ಕೈಬಿಟ್ಟು ಹೋಗುತ್ತಾರೆ ಎಂಬ ಭಯ ಸಂದೇಶಗಳಲ್ಲಿ ತುಂಬಿತ್ತು. 2023ರ ಏಪ್ರಿಲ್ 18ರಂದು ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸ್ಮಾರ್ಟ್‌ಮ್ಯಾಟಿಕ್ ಎಂಬ ಇನ್ನೊಂದು ಮತಯಂತ್ರ ಕಂಪೆನಿ 2021ರಲ್ಲೇ 270 ಕೋಟಿ ಡಾಲರಿನ ದಾವೆ ಹಾಕಿತ್ತು.

ಹಣ ದೊಡ್ಡದು ನಿಜ, ಆದರೆ ಕಂಪೆನಿ ಅದನ್ನು ಕಟ್ಟಿ ಉಸಿರಾಡಿಕೊಂಡಿದೆ. ನನ್ನನ್ನು ಕಾಡಿದ್ದು ಹಣವಲ್ಲ. ಕೇಬಲ್‌ವಾಲಾ ಹೇಳಿದ ಅಭ್ಯಾಸ ಎಂಬ ಆ ಸೆಕ್ಯೂರಿಟಿ, ಅದು ಎರಡೂ ಕಡೆ ಕಟ್ಟಿಹಾಕುವ ಹಗ್ಗ. ನೋಡುಗನಿಗೆ ಚಾನೆಲ್ಲಿನ ಅಭ್ಯಾಸವಾಗುತ್ತದೆ; ಚಾನೆಲ್ಲಿಗೂ ನೋಡುಗನ ಸಿಟ್ಟಿಗೆ ಹೆದರುವ ಅಭ್ಯಾಸವಾಗುತ್ತದೆ. ಗಿರಾಕಿಗೆ ಬೇಸರವಾಗುತ್ತದೆಂದು ತಕ್ಕಡಿ ತಿರುಚಿದ ಅಂಗಡಿಯವನು ಒಂದು ದಿನ ತನ್ನ ತಕ್ಕಡಿಯನ್ನು ತಾನೇ ನಂಬಲಾರ. ಕ್ರೀಡೆಯ ಗೇಣಿಯನ್ನು ಲೀಗಿಗೆ ಕೊಡಬೇಕು, ಡಾಲರಿನಲ್ಲಿ. ಸುದ್ದಿಯ ಗೇಣಿಯನ್ನು ನೋಡುಗನಿಗೆ ಕೊಡಬೇಕು, ಸತ್ಯದಲ್ಲಿ. ಬ್ಯಾಲೆನ್ಸ್ ಶೀಟಿನಲ್ಲಿ ಮೊದಲನೆಯದಕ್ಕೆ ಕಾಲಂ ಇದೆ, ಎರಡನೆಯದಕ್ಕೆ ಇಲ್ಲ.

ಈಗಿನ ಖಾತೆ

ಲೆಕ್ಕ ನೋಡಿದರೆ ಫಾಕ್ಸ್ ಬಡವಾಗಿಲ್ಲ. 2019ರ ಜೂನಿಗೆ ಮುಗಿದ ವರ್ಷದಲ್ಲಿ ಆದಾಯ ಸುಮಾರು 1,140 ಕೋಟಿ ಡಾಲರ್. 2025ರ ಜೂನಿಗೆ ಸುಮಾರು 1,630 ಕೋಟಿ. ಆ ಕೊನೆಯ ವರ್ಷದಲ್ಲಿ ಅಧ್ಯಕ್ಷ ಚುನಾವಣೆಯೂ ಇತ್ತು, 2025ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್ಲೂ ಇತ್ತು. ಸರಾಸರಿ 12 ಕೋಟಿಗೂ ಮಿಕ್ಕಿ ಜನ ಅದನ್ನು ನೋಡಿದರು. ಮಲ್ಲಿಗೆಗೆ ಎರಡು ಮದುವೆ ಒಂದೇ ವರ್ಷ ಬಂದ ಹಾಗೆ. ಪ್ರತಿ ವರ್ಷ ಹಾಗಿರುವುದಿಲ್ಲ.

ಮೂಟೆ ಮಾತ್ರ ಕರಗುತ್ತಿದೆ. ಒಂದು ಕಾಲಕ್ಕೆ ಅಮೆರಿಕದಲ್ಲಿ ಸುಮಾರು 10 ಕೋಟಿ ಮನೆಗಳು ಕೇಬಲ್, ಡಿಶ್ಶಿಗೆ ದುಡ್ಡು ಕೊಡುತ್ತಿದ್ದವು. ವರ್ಷ ವರ್ಷ ಲಕ್ಷಾಂತರ ಮನೆ ಬಿಡುತ್ತಿವೆ. ಫಾಕ್ಸ್ ಸುಮ್ಮನೆ ಕೂತಿಲ್ಲ. 2020ರಲ್ಲಿ ರೋಕು ಕಂಪೆನಿಯಲ್ಲಿದ್ದ ಪಾಲು ಮಾರಿ, 44 ಕೋಟಿ ಡಾಲರಿಗೆ ಟ್ಯೂಬಿ ಎಂಬ ಉಚಿತ ಸ್ಟ್ರೀಮಿಂಗ್ ಸೇವೆ ಕೊಂಡಿತು. ಚಂದಾ ಇಲ್ಲ, ಜಾಹೀರಾತೇ ಆದಾಯ. ಡಿಸ್ನಿ, ವಾರ್ನರ್ ಜೊತೆ ಸೇರಿ ವೀನು ಎಂಬ ಕ್ರೀಡಾ ಸೇವೆ ಮಾಡುತ್ತೇವೆ ಅಂತ 2024ರಲ್ಲಿ ಹೊರಟು, ನ್ಯಾಯಾಲಯದ ತಡೆ ಬಂದು 2025ರ ಜನವರಿಯಲ್ಲಿ ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ತಿಂಗಳಿಗೆ 19.99 ಡಾಲರಿನ ಫಾಕ್ಸ್ ಒನ್ ತಂದಿತು. ಬೆಲೆ ಅಷ್ಟು ಜಾಸ್ತಿ ಯಾಕೆ? ಕಡಿಮೆ ಇಟ್ಟರೆ ಮೂಟೆಯಲ್ಲಿ ಉಳಿದ ಗಿರಾಕಿಯೂ ಓಡುತ್ತಾನೆ. ಹಳೇ ಮನೆ ಬೀಳುವವರೆಗೆ ಬಾಡಿಗೆ ವಸೂಲು ಮಾಡುತ್ತಾ, ಪಕ್ಕದಲ್ಲಿ ಹೊಸ ಮನೆಯ ಪಾಯ ಹಾಕುವ ಕೆಲಸ.

ಯಜಮಾನಿಕೆ ಪ್ರಶ್ನೆಯೂ ತೀರಿತು. 2023ರ ನವೆಂಬರಿನಲ್ಲಿ ರೂಪರ್ಟ್ ಕುರ್ಚಿಯನ್ನು ಮಗ ಲಾಕ್ಲನ್‌ಗೆ ಬಿಟ್ಟರು. ತಾನಿಲ್ಲದ ಮೇಲೆ ಬೇರೆ ಮಕ್ಕಳು ಚಾನೆಲ್ಲಿನ ದಾರಿ ಬದಲಿಸಬಾರದು ಅಂತ ಮನೆತನದ ಟ್ರಸ್ಟನ್ನು ತಿದ್ದಲು ಹೊರಟಾಗ ಮಕ್ಕಳೇ ನ್ಯಾಯಾಲಯದಲ್ಲಿ ಎದುರು ನಿಂತರು. 2024ರ ಡಿಸೆಂಬರಿನಲ್ಲಿ ನೆವಾಡಾದಲ್ಲಿ ತೀರ್ಪು ಅಪ್ಪನ ವಿರುದ್ಧ ಬಂತು. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಪ್ರೂಡೆನ್ಸ್, ಎಲಿಜಬೆತ್, ಜೇಮ್ಸ್ ಮೂವರಿಗೆ ತಲಾ ಸುಮಾರು 110 ಕೋಟಿ ಡಾಲರ್ ಕೊಟ್ಟು ಪಾಲು ಪತ್ರ ಮಾಡಿಕೊಂಡರು. ಕೋಟಿಗೆ ಹೋದ ಅಳಿಯಕಟ್ಟು ಮನೆತನಗಳ ಫೈಲು ನೋಡಿದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ, ಸೊನ್ನೆಗಳು ಜಾಸ್ತಿ ಅಷ್ಟೆ.

ಈ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ? ಮುಂದಿನ ಐದಾರು ವರ್ಷಕ್ಕೆ ಸಾಲ ಕೊಡಬಹುದು ಅಂತ ಬರೆಯುತ್ತಿದ್ದೆ. 2017ರಲ್ಲಿ ಮಾರಿದ್ದು ಸರಿ, ಮಾರಿದ ಬೆಲೆ ಇನ್ನೂ ಸರಿ. ಆದರೆ 2029ರ ಎದುರು ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಇನ್ನೊಂದು ಗೆರೆ ಸುದ್ದಿಯ ಎದುರು. ತನ್ನ ನೋಡುಗನಿಗೆ ಬೇಡವಾದ ನಿಜವನ್ನು ಹೇಳುವ ಧೈರ್ಯ ಈ ಕಂಪೆನಿಗೆ ಇದೆಯೇ ಅಂತ.

ನಮ್ಮ ಕೇಬಲ್‌ವಾಲಾ ಏನಾದ ಅಂತ ಕೇಳುತ್ತೀರಾ? 2012ರಲ್ಲಿ ಮುಂಬಯಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗುವ ಹೊತ್ತಿಗೆ ಡಿಶ್ಶು ಮಾರಿಬಿಟ್ಟಿದ್ದ. ದೊಡ್ಡ ಕಂಪೆನಿಯೊಂದರ ಸಿಗ್ನಲ್ ತಂದು ಮನೆಗಳಿಗೆ ಹಂಚುತ್ತಿದ್ದ. ಈಗ ಅದೇ ಮನೆಗಳಿಗೆ ಇಂಟರ್‌ನೆಟ್ ವೈರ್ ಎಳೆದಿದ್ದಾನೆ. ಮೊನ್ನೆ ರಾತ್ರಿ ಹತ್ತಕ್ಕೆ ನಮ್ಮ ನೆಟ್ ನಿಂತಾಗ ಫೋನ್ ಮಾಡಿದೆ. ವಯಸ್ಸಾಗಿದೆ, ಆದರೂ ತಾನೇ ಏಣಿ ಹೊತ್ತು ಬಂದ. "ನಾಳೆ ಬಂದರೂ ಆಗ್ತಿತ್ತಲ್ಲ" ಅಂದೆ.

"ಇವತ್ತು ಬರ್ತೀನಿ ಅಂದಿದ್ದೆನಲ್ಲ ಸಾಹೇಬ್" ಅಂದ, ವೈರ್ ಬಿಗಿ ಮಾಡುತ್ತಾ.

ಅವನು ಅಂದು ಅಭ್ಯಾಸ ಅಂದದ್ದು ಏನನ್ನು ಅಂತ ನನಗೆ ಮೂವತ್ತು ವರ್ಷದ ಮೇಲೆ ಅರ್ಥವಾಯಿತು.